ಬಸ್ಸಿಗೊಂದು ದಾರಿ

ಏಳನೇ ತರಗತಿಗೆ ಸಾರಿಗೆಯ ಪಾಠ ಮಾಡುತ್ತಿದ್ದೆ. "ನಿಮ್ಮ ಮನೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಯಾರಾದರೂ ಇದ್ದಾರಾ?" ಎಂದು ಕೇಳಿದೆ. ಅರ್ಧ ತರಗತಿ ಕೈ ಎತ್ತಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸಾರ್, ನಮ್ಮಪ್ಪ ನಾನು ಏಳೋಕೆ ಮುಂಚೆ ಹೋಗ್ತಾರೆ, ಮಲಗಿದ ಮೇಲೆ ಬರ್ತಾರೆ. ಭಾನುವಾರ ಮಾತ್ರ ನೋಡೋದು" ಅಂದಳು. ನಮ್ಮ ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರ್. ದೂರ ಹೆಚ್ಚೇನಲ್ಲ. ಅತ್ತಿಬೆಲೆ, ಚಂದಾಪುರ, ಸಿಲ್ಕ್ ಬೋರ್ಡ್ ಎಂದು ನಿಂತು ನಿಂತು ಸಾಗುವ ರಸ್ತೆಯೇ ಆ ಅಪ್ಪನ ಹೊತ್ತನ್ನು ತಿನ್ನುತ್ತಿದೆ.

ಅಷ್ಟರಲ್ಲಿ ಒಬ್ಬ ಹುಡುಗ, "ಬಸ್ಸಿಗೇ ಬೇರೆ ರೋಡ್ ಮಾಡಬಾರದಾ ಸಾರ್?" ಅಂದ. ಎಲ್ಲರೂ ನಕ್ಕರು. ಆದರೆ ಅದು ನಗುವ ಮಾತಲ್ಲ. ಆ ಪ್ರಶ್ನೆಗೆ ಐವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಅವತ್ತು ತರಗತಿಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದ ನ್ಯೂಯಾರ್ಕಿಗೂ ನಮ್ಮ ಹೊಸೂರಿನಂಥ ನೆರೆ ರಾಜ್ಯದ ಊರುಗಳಿವೆ. ಹಡ್ಸನ್ ನದಿಯ ಆಚೆ ದಡ ನ್ಯೂಜೆರ್ಸಿ ರಾಜ್ಯ. ಅಲ್ಲಿಂದ ಜನ ನದಿಯ ಕೆಳಗಿನ ಲಿಂಕನ್ ಸುರಂಗದ ಮೂಲಕ ಕೆಲಸಕ್ಕೆ ಬರುತ್ತಾರೆ. 1960ರ ದಶಕದ ಹೊತ್ತಿಗೆ ಆ ಸುರಂಗದ ಬಾಯಲ್ಲಿ ಬಸ್ಸುಗಳೂ ಕಾರುಗಳ ನಡುವೆ ಸಿಕ್ಕಿ ತೆವಳುತ್ತಿದ್ದವು. ಅಧಿಕಾರಿಗಳು ಒಂದು ಸಂಗತಿ ಗಮನಿಸಿದರು. ಬೆಳಗ್ಗೆ ನಗರದ ಕಡೆ ಬರುವ ಭಾಗ ತುಂಬಿದ್ದರೆ, ನಗರದಿಂದ ಹೊರಗೆ ಹೋಗುವ ಭಾಗದಲ್ಲಿ ಅಷ್ಟು ವಾಹನಗಳಿರುತ್ತಿರಲಿಲ್ಲ. ಹಾಗಾದರೆ ಆ ಕಡೆಯ ಒಂದು ಸಾಲನ್ನು ಬೆಳಗಿನ ಹೊತ್ತು ಬಸ್ಸಿಗೆ ಕೊಟ್ಟರೆ ಹೇಗೆ?

1970ರ ಡಿಸೆಂಬರಿನಲ್ಲಿ ಒಂದು ವರ್ಷದ ಪ್ರಯೋಗವೆಂದು ಅದು ಶುರುವಾಯಿತು. ಉದ್ದ ಬರೀ 4 ಕಿಲೋಮೀಟರ್. ವಾರದ ಕೆಲಸದ ದಿನಗಳಲ್ಲಿ ಬೆಳಗ್ಗೆ 6ರಿಂದ 10ರವರೆಗೆ ಮಾತ್ರ. ಕೆಲಸಗಾರರು ನಸುಕಿನಲ್ಲಿ ರಸ್ತೆಯ ತೂತುಗಳಲ್ಲಿ ಕಂಬ ನೆಟ್ಟು ಸಾಲು ಬೇರೆ ಮಾಡುತ್ತಿದ್ದರು, ಆಮೇಲೆ ಕಿತ್ತುಬಿಡುತ್ತಿದ್ದರು. ಹೊಸ ರಸ್ತೆ ಇಲ್ಲ, ಮೇಲ್ಸೇತುವೆ ಇಲ್ಲ. ಸುರಂಗ ದಾಟಿದ ಬಸ್ಸು ನೇರವಾಗಿ 1950ರಲ್ಲಿ ಕಟ್ಟಿದ ದೊಡ್ಡ ಬಸ್ ನಿಲ್ದಾಣಕ್ಕೆ ಹೋಗುತ್ತಿತ್ತು. ಆ ಪ್ರಯೋಗ ಇವತ್ತಿಗೂ ನಿಂತಿಲ್ಲ. ಕೊರೋನಾಕ್ಕೆ ಮುಂಚಿನ ವರ್ಷಗಳಲ್ಲಿ ಒಂದು ಬೆಳಗ್ಗೆ 1,700ಕ್ಕೂ ಹೆಚ್ಚು ಬಸ್ಸು, 60 ಸಾವಿರಕ್ಕೂ ಹೆಚ್ಚು ಜನ ಆ ಒಂದೇ ಸಾಲಿನಲ್ಲಿ ದಾಟುತ್ತಿದ್ದರು.

ಇದನ್ನು ಕೇಳಿ ಹುಡುಗರು ನಂಬಲಿಲ್ಲ. ಕಪ್ಪು ಹಲಗೆಯ ಮೇಲೆ ಲೆಕ್ಕ ಹಾಕಿಸಿದೆ. ನಿಮಿಷಕ್ಕೆ ಒಂದು ಬಸ್ಸು, ಬಸ್ಸಿಗೆ 50 ಜನ ಎಂದರೆ ಗಂಟೆಗೆ 3,000 ಜನ. ಇಬ್ಬರಿಗೆ ಒಂದು ಕಾರಲ್ಲ, ಮೂವರಿಗೆ ಎರಡು ಕಾರು ಎಂದು ಹಿಡಿದರೆ ಅಷ್ಟು ಜನಕ್ಕೆ 2,000 ಕಾರು ಬೇಕು. ಒಂದು ಕಾರಿಗೆ 6 ಮೀಟರ್ ಜಾಗ ಕೊಟ್ಟು ಸಾಲಾಗಿ ನಿಲ್ಲಿಸಿದರೆ 12 ಕಿಲೋಮೀಟರ್! ಇಲ್ಲಿಂದ ಹೊರಟ ಸಾಲು ಅತ್ತಿಬೆಲೆ ದಾಟಿಬಿಡುತ್ತದೆ.

ಈ ಲೆಕ್ಕದಲ್ಲೇ ಒಂದು ತೊಡಕೂ ಇದೆ. ನಿಮಿಷಕ್ಕೆ ಒಂದು ಬಸ್ಸು ಹೋಗುವ ದಾರಿ ಆ ನಿಮಿಷದ ಬಹುಪಾಲು ಖಾಲಿಯಾಗಿಯೇ ಕಾಣುತ್ತದೆ. ಪಕ್ಕದ ಸಾಲಿನಲ್ಲಿ ನಿಂತ ಕಾರಿನವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ದೆಹಲಿಯಲ್ಲಿ ಆದದ್ದು ಇದೇ.

2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ, ರಸ್ತೆಯ ಜಾಗವನ್ನು ವಾಹನಗಳ ಲೆಕ್ಕದಲ್ಲಲ್ಲ, ಜನರ ಲೆಕ್ಕದಲ್ಲಿ ಹಂಚಬೇಕು ಎಂದಿತು. 2008ರಲ್ಲಿ ದೆಹಲಿಯ ಅಂಬೇಡ್ಕರ್ ನಗರದಿಂದ ಮೂಲಚಂದ್‌ವರೆಗೆ 5.8 ಕಿಲೋಮೀಟರ್ ಉದ್ದಕ್ಕೆ ರಸ್ತೆಯ ನಡುವೆ ಬಸ್ ಪಥ ಮಾಡಿದರು. ನ್ಯೂಜೆರ್ಸಿಯಲ್ಲಿ ಎದುರು ಕಡೆಯ ಸಾಲನ್ನು ಎರವಲು ಪಡೆದಿದ್ದರು. ಇಲ್ಲಿ ಕಾರಿನವರು ಓಡಾಡುತ್ತಿದ್ದ ಜಾಗವನ್ನೇ ತೆಗೆದುಕೊಂಡರು. ಚಿರಾಗ್ ದಿಲ್ಲಿಯ ವೃತ್ತದಲ್ಲಿ ಸಿಗ್ನಲಿಗೆ ಕಾಯುವುದು ಉದ್ದವಾಯಿತು. ರಸ್ತೆ ನಡುವಿನ ನಿಲ್ದಾಣಕ್ಕೆ ದಾಟಿಹೋಗುವುದು ಪ್ರಯಾಣಿಕರಿಗೆ ಕಷ್ಟವಾಯಿತು. ಪತ್ರಿಕೆ, ಟಿ.ವಿ. ತುಂಬ ದೂರುಗಳು ಬಂದವು. ವಿಷಯ ಹೈಕೋರ್ಟಿಗೂ ಹೋಯಿತು. 2012ರ ಅಕ್ಟೋಬರಿನಲ್ಲಿ ನ್ಯಾಯಾಲಯ ಬಸ್ ಪಥದ ವಿರುದ್ಧದ ಅರ್ಜಿಯನ್ನು ವಜಾ ಮಾಡಿತು. ನ್ಯಾಯಾಲಯದಲ್ಲಿ ಗೆದ್ದ ದಾರಿ ರಾಜಕೀಯದಲ್ಲಿ ಸೋತಿತು. 2016ರಲ್ಲಿ ಅದನ್ನು ಒಡೆದು ಹಾಕಿದರು.

ನಮ್ಮ ಹತ್ತಿರಕ್ಕೆ ಬರೋಣ. ಹೊಸೂರು ರಸ್ತೆಯ ದಟ್ಟಣೆಗೆ ಉತ್ತರವಾಗಿ 2010ರಲ್ಲಿ ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು 10 ಕಿಲೋಮೀಟರಿನ ಮೇಲ್ಸೇತುವೆ ಬಂತು. ಸುಂಕ ಕೊಟ್ಟವರು ಮೇಲೆ ಹೋದರು. ಆದರೆ ಸೇತುವೆ ಇಳಿದಲ್ಲಿ ಅದೇ ಸಿಲ್ಕ್ ಬೋರ್ಡ್! ಬಸ್ಸಿಗೆಂದೇ ದಾರಿ ಬಂದದ್ದು 2019ರ ಅಕ್ಟೋಬರಿನಲ್ಲಿ, ಹೊರ ವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ. ಗೂಟ ನೆಟ್ಟು ಸಾಲು ಬೇರೆ ಮಾಡಿದ್ದರು. ಕೆಲವೇ ತಿಂಗಳಲ್ಲಿ ಕೊರೋನಾ ಬಂತು, ಆಮೇಲೆ ಅದೇ ರಸ್ತೆಯಲ್ಲಿ ಮೆಟ್ರೋ ಕಾಮಗಾರಿ ಬಂತು. ಬಸ್ಸಿನ ದಾರಿ ಬೇರೂರುವ ಮೊದಲೇ ಹೋಯಿತು.

2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಮೆಟ್ರೋ ಬಂದಿದೆ, ಸಂತೋಷವೇ. ಆದರೆ ಹೊಸೂರಿನವರು ಬೊಮ್ಮಸಂದ್ರ ಮುಟ್ಟಬೇಕಾದರೂ ಬಸ್ಸೇ ಹತ್ತಬೇಕು.

ಈ ಕಥೆಗಳಿಂದ ನನಗೆ ತಿಳಿದದ್ದು ಇಷ್ಟು. ಬಸ್ ಪಥ ಕಟ್ಟುವುದು ಕಷ್ಟವಲ್ಲ, ಉಳಿಸಿಕೊಳ್ಳುವುದು ಕಷ್ಟ. ಕೆಲವು ಸೆಕೆಂಡಿಗೊಂದು ಬಸ್ಸು ಬರುವ ನ್ಯೂಜೆರ್ಸಿಯ ಸಾಲನ್ನು ಯಾರೂ ಖಾಲಿ ಎನ್ನಲಾರರು. ದಾರಿ ಕೊಟ್ಟ ದಿನವೇ ಬೇಕಾದಷ್ಟು ಬಸ್ಸನ್ನೂ ಕೊಡಬೇಕು, ನಿಲ್ದಾಣಕ್ಕೆ ನಡೆದು ಹೋಗುವವರ ದಾರಿಯನ್ನೂ ಮೊದಲೇ ಯೋಚಿಸಬೇಕು. ಬಸ್ಸಿನೊಳಗೆ ಕೂತವರು ಪತ್ರಿಕೆಗೆ ಬರೆಯುವುದಿಲ್ಲ, ನ್ಯಾಯಾಲಯಕ್ಕೆ ಹೋಗುವುದಿಲ್ಲ. ಅವರಿಗೆ ಅದಕ್ಕೆ ಹೊತ್ತೇ ಇಲ್ಲ. ಅವರ ಪರವಾಗಿ ಲೆಕ್ಕ ಹಾಕುವವರು ಬೇಕು.

ಗಂಟೆ ಹೊಡೆಯಿತು. ಆ ಹುಡುಗಿ ಹಲಗೆಯ ಲೆಕ್ಕವನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಿದ್ದಳು. "ಪರೀಕ್ಷೆಗೆ ಬರಲ್ಲಮ್ಮ ಇದು" ಅಂದೆ. "ಅಪ್ಪನಿಗೆ ತೋರಿಸ್ತೀನಿ ಸಾರ್, ಭಾನುವಾರ" ಅಂದಳು.