ಹೊಸ ಗಾಡಿಯೋ, ಹಳೇ ಗಾಡಿಯೋ? ಕುದುರೆ ಬಾಲಕ್ಕೂ ದುಡ್ಡು ಕೊಟ್ಟ ಸೀಮೆಯ ಕಥೆ

"ಎಂಟು ಲಕ್ಷ ಐತಿ ಅಂತಿಟ್ಕೋ. ಹೊಸಾದು ಸಣ್ಣದು ತಗಳ್ಳೋದಾ, ಹಳೇದು ದೊಡ್ಡದು ತಗಳ್ಳೋದಾ?"

ಬುಕ್ಕಸಾಗರದ ಚಹಾದಂಗಡಿ ಮುಂದೆ ಈ ಮಾತು ಕೇಳಿದವರು ನಮ್ಮ ಗುಂಪಿನ ಒಬ್ಬರ ಸೋದರಮಾವ. ಭತ್ತ, ಬಾಳೆ ಎರಡೂ ಬೆಳೀತಾರೆ. ಮನೆಯಲ್ಲಿ ಏಳು ಜನ. ಮೊಣಕಾಲು ನೋವಿನ ತಾಯಿಯನ್ನ ಹೊಸಪೇಟೆ ಆಸ್ಪತ್ರೆಗೆ ಕರಕೊಂಡು ಹೋಗಬೇಕು, ಕಂಪ್ಲಿಗೆ ಸಾಮಾನಿಗೆ ಹೋಗಬೇಕು, ಗಂಗಾವತಿ ಕಡೆ ಬೀಗರಿದ್ದಾರೆ. ಎತ್ತರದ ಸಣ್ಣ ಎಸ್‌ಯುವಿ ಒಂದು ಬೇಕು ಅಂತ ಮನೆಮಂದಿಯ ಆಸೆ. ನಾವು ಪತ್ರಿಕೋದ್ಯಮ ಓದಿದವರು, ಗಾಡಿ ರಿಪೇರಿ ಓದಿದವರಲ್ಲ. ಆದರೆ ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ಐನೂರು ವರ್ಷದ ಹಿಂದೆ ಇಲ್ಲಿಂದ ಕೆಲವೇ ಮೈಲಿ ದೂರದಲ್ಲಿ ಅರಸರೇ ಕೂತು ಇದೇ ಲೆಕ್ಕ ಹಾಕ್ತಿದ್ದರು.

ಆಗಿನ ಗಾಡಿ ಅಂದ್ರೆ ಕುದುರೆ. ವಿಜಯನಗರದ ಸೈನ್ಯಕ್ಕೆ ಬೇಕಾದ ಒಳ್ಳೆ ಕುದುರೆ ನಮ್ಮ ನೆಲದಲ್ಲಿ ಹುಟ್ಟುತ್ತಿರಲಿಲ್ಲ. ಅರಬ್ಬಿ, ಪರ್ಷಿಯಾ ಕಡೆಯಿಂದ ಹಡಗಿನಲ್ಲಿ ಬರಬೇಕು. ಮೊದಲು ಅರಬ್ ವ್ಯಾಪಾರಿಗಳು ತರುತ್ತಿದ್ದರು, 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿದ ಮೇಲೆ ಅವರ ಹಿಡಿತ ಬಿಗಿಯಾಯ್ತು. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನ ಮೇಲೆ ಕುದುರೆಗಳನ್ನೂ ಪರದೇಶಿ ವ್ಯಾಪಾರಿಗಳನ್ನೂ ಕೆತ್ತಿದ್ದಾರೆ. ಮುಂದಿನ ಸಲ ಹೋದಾಗ ಸೆಲ್ಫಿ ತೆಗೆದುಕೊಳ್ಳುವ ಮುಂಚೆ ಅದನ್ನೊಮ್ಮೆ ನೋಡಿ.

1530ರ ದಶಕದಲ್ಲಿ ಇಲ್ಲಿದ್ದ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಒಂದು ಸಂಗತಿ ಬರೆದಿಟ್ಟಿದ್ದಾನೆ. ಸಾಳುವ ನರಸಿಂಹ ಅರಸ ಕುದುರೆಗಳನ್ನ ಸಾವಿರ ಪಗೋದಿಗೆ ಮೂರರಂತೆ ಕೊಳ್ಳುತ್ತಿದ್ದನಂತೆ. ಬದುಕಿದ್ದಕ್ಕೂ ಅದೇ ರೇಟು, ಸತ್ತದ್ದಕ್ಕೂ ಅದೇ ರೇಟು. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು, ಪೂರ್ತಿ ದುಡ್ಡು.

ಓದಿದರೆ ಅರಸನಿಗೆ ತಲೆ ಕೆಟ್ಟಿತ್ತು ಅನ್ನಿಸುತ್ತೆ. ನಮಗೆ ಹಾಗೆ ಅನ್ನಿಸಲಿಲ್ಲ. ದಾರಿಯ ನಷ್ಟವನ್ನ ತಾನೇ ಹೊತ್ತುಕೊಂಡರೆ ವ್ಯಾಪಾರಿ ಬೇರೆ ಅರಸನ ಹತ್ತಿರ ಹೋಗಲ್ಲ. ಅದು ವಿಮೆ. ಕಂತು ಕಟ್ಟಿದವನು ಕೊಳ್ಳುವವನು, ಅಷ್ಟೇ ವ್ಯತ್ಯಾಸ.

ಹಳೇ ಗಾಡಿ ಲೆಕ್ಕವೂ ನೂನಿಜ್‌ನಲ್ಲೇ ಸಿಗುತ್ತೆ. ಮುಂದಿನ ಅರಸರು ವರ್ಷಕ್ಕೆ 13 ಸಾವಿರ ಕುದುರೆ ಕೊಳ್ಳುತ್ತಿದ್ದರು ಅಂತಾನೆ. ಅದರಲ್ಲಿ ಒಳ್ಳೇವನ್ನ ಅರಮನೆ ಲಾಯಕ್ಕೆ ಇಟ್ಟುಕೊಂಡು, ಉಳಿದ ನಾಡ ಕುದುರೆಗಳನ್ನ ತನ್ನ ನಾಯಕರಿಗೆ ಸಾವಿರಕ್ಕೆ ಐದರಂತೆ ಮಾರುವುದು. ದುಡ್ಡು ಸೆಪ್ಟೆಂಬರ್ ಒಳಗೆ ಕಟ್ಟಬೇಕು. ಆ ದುಡ್ಡಿನಲ್ಲೇ ಪೋರ್ಚುಗೀಸರ ಬಾಕಿ ತೀರಿಸುವುದು. ಖಜಾನೆಯಿಂದ ಕಾಸು ಹೊರಗೆ ಹೋಗಲೇ ಇಲ್ಲ! ಆರಿಸಿ ಬಿಟ್ಟದ್ದನ್ನ ಕೊಂಡವನೇ ಹೊಸದರ ಬೆಲೆಯನ್ನೂ ಕಟ್ಟಿದ.

ಅದಕ್ಕೂ ಮುಂಚೆ, 13ನೇ ಶತಮಾನದ ಕೊನೆಗೆ, ಮಾರ್ಕೊ ಪೋಲೊ ತಮಿಳು ಕರಾವಳಿಯ ಪಾಂಡ್ಯರ ಬಗ್ಗೆ ಬರೆದದ್ದು ಇನ್ನೂ ಖಾರವಾಗಿದೆ. ವರ್ಷಾ ವರ್ಷ ಸಾವಿರಾರು ಕುದುರೆ ಕೊಂಡರೂ ಬಹುಪಾಲು ಸತ್ತುಹೋಗುತ್ತಿದ್ದವು. ಆರೈಕೆ ಗೊತ್ತಿಲ್ಲ, ಲಾಳ ಹೊಡೆಯುವವರಿಲ್ಲ. ಅವರನ್ನ ಆ ನಾಡಿಗೆ ಹೋಗದಂತೆ ವ್ಯಾಪಾರಿಗಳೇ ತಡೆಯುತ್ತಿದ್ದರಂತೆ. ಕುದುರೆ ಸತ್ತಷ್ಟೂ ವ್ಯಾಪಾರ ತಾನೆ. ಸರ್ವಿಸ್ ಸೆಂಟರ್ ಎಲ್ಲಿದೆ ಅಂತ ಮೊದಲು ವಿಚಾರಿಸಿ ಅಂತ ಹಿರಿಯರು ಹೇಳೋದು ಸುಮ್ಮನೆ ಅಲ್ಲ.

ಕುದುರೆ ಅರಸರದಾಯ್ತು. ನಮ್ಮ ಅಜ್ಜಂದಿರದು ಎತ್ತಿನ ಬಂಡಿ. ಎತ್ತು ಕೊಳ್ಳುವಾಗ ಅವರು ಮೊದಲು ಬಾಯಿ ಬಿಡಿಸುತ್ತಿದ್ದರು. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ? ಐದು ವರ್ಷದ ಹೊತ್ತಿಗೆ ಬಾಯಿಗೂಡುತ್ತೆ, ಆಮೇಲೆ ಹಲ್ಲು ಸವೆದದ್ದು ನೋಡಿ ವಯಸ್ಸು ಹೇಳಬೇಕು. ಮೀಟರ್ ತಿರುಗಿಸಿ ಕಿಲೋಮೀಟರ್ ಕಡಿಮೆ ಮಾಡಬಹುದು, ಎತ್ತಿನ ಹಲ್ಲು ತಿರುಗಿಸೋಕಾಗಲ್ಲ. ಹಲ್ಲಾದ ಮೇಲೆ ಸುಳಿ, ಗೊರಸು, ಆಮೇಲೆ ನೊಗ ಕಟ್ಟಿ ನಡೆಸಿ ನೋಡೋದು. ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಹೇಳುತ್ತಿದ್ದ. ಈಗಿನ ದಲ್ಲಾಳಿ ವಾಟ್ಸಾಪ್‌ನಲ್ಲಿ ಹೇಳ್ತಾನೆ, ಮಿಕ್ಕಿದ್ದೇನೂ ಬದಲಾಗಿಲ್ಲ.

ಹೊಳೆ ದಾಟೋದು ಬೇರೆಯೇ ಕಷ್ಟ. ಬೆತ್ತದ ಬುಟ್ಟಿಗೆ ಚರ್ಮ ಹೊದಿಸಿದ ದುಂಡನೆಯ ಹರಿಗೋಲಿನಲ್ಲಿ ಹದಿನೈದು ಇಪ್ಪತ್ತು ಜನ ದಾಟುತ್ತಾರೆ, ಅದು ನೆಟ್ಟಗೆ ಹೋಗದೆ ಗಿರ್ರನೆ ತಿರುಗುತ್ತಲೇ ಇರುತ್ತೆ ಅಂತ ಕೃಷ್ಣದೇವರಾಯನ ಕಾಲದ ಪಾಯೆಸ್ ಬರೆದಿದ್ದಾನೆ. ನಮ್ಮಲ್ಲಿ ಕೆಲವರು ಬೈಕನ್ನ ಹರಿಗೋಲಿಗೆ ಹತ್ತಿಸಿಕೊಂಡು ಕಾಲೇಜಿಗೆ ಹೋದವರೇ. ಆನೆಗೊಂದಿ ಕಡೆಗೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೂಲಿಕಾರರು ಸತ್ತರು. ಬುಕ್ಕಸಾಗರ–ಕಡೇಬಾಗಿಲು ಸೇತುವೆ ಆದ ಮೇಲೆ ಮಾತ್ರ ನಾಲ್ಕು ಗಾಲಿಯ ಗಾಡಿ ಇಲ್ಲಿನ ಮನೆಗಳಿಗೆ ನಿಜವಾಗಿ ಉಪಯೋಗಕ್ಕೆ ಬಂತು. ಬೀಗರ ಮನೆ ಹತ್ತಿರವಾಯ್ತು.

ಸ್ವಾತಂತ್ರ್ಯ ಬಂದ ಮೇಲಿನ ಮೂರು ದಶಕವನ್ನ ಬೇಗ ದಾಟಿಬಿಡೋಣ. ಜೀಪು ಇತ್ತು, ಅದು ಸರ್ಕಾರದ್ದು, ಇಲ್ಲ ಸಾಹುಕಾರರದ್ದು. ಅಂಬಾಸಿಡರ್‌ಗೋ ಬಜಾಜ್ ಸ್ಕೂಟರ್‌ಗೋ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಕೈಗೆ ತಕ್ಷಣ ಸಿಗುವ ಹಳೇ ಸ್ಕೂಟರ್‌ಗೆ ಹೊಸದಕ್ಕಿಂತ ಹೆಚ್ಚು ರೇಟು ಕೊಟ್ಟವರೂ ಇದ್ದರು. 1983ರ ಕೊನೆಗೆ ಮಾರುತಿ 800, 1994ರಲ್ಲಿ ಟಾಟಾ ಸುಮೊ, 2000ದಲ್ಲಿ ಬೊಲೆರೊ ಬಂದವು.

ಆಮೇಲೆ ಮೈನಿಂಗ್ ಬಂತು. ಇದನ್ನ ಮಾತ್ರ ಬೇಗ ದಾಟೋಕಾಗಲ್ಲ.

ಸಂಡೂರಿನ ಗುಡ್ಡದ ಅದಿರಿಗೆ ಚೀನಾದಿಂದ ಬೇಡಿಕೆ ಬಂದ ಮೇಲೆ ಹೊಸಪೇಟೆ ರಸ್ತೆಯ ತುಂಬ ಲಾರಿ. ರಸ್ತೆ ಕೆಂಪು, ಮರ ಕೆಂಪು, ಒಣಹಾಕಿದ ಬಟ್ಟೆ ಕೆಂಪು. ಹೊಲ ಅಡವಿಟ್ಟು ಲಾರಿ ತಂದವರಿದ್ದರು. ಕಂತು ಒಂದೇ ವರ್ಷದಲ್ಲಿ ತೀರುತ್ತೆ ಅಂತ ಎಲ್ಲರೂ ಹೇಳ್ತಿದ್ದರು. ಗಣಿಗೆ ಬಾಡಿಗೆ ಬಿಡೋಕೆ ಬೊಲೆರೊ, ಸ್ಕಾರ್ಪಿಯೊ ತಂದವರು ಇನ್ನಷ್ಟು ಜನ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಹೊರಬಿತ್ತು. ಅದೇ ತಿಂಗಳ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನಿಂತದ್ದು ಸರಿ, ಕಾಡು ಗುಡ್ಡ ಉಳಿಯಬೇಕಿತ್ತು. ಆದರೆ ಮರುದಿನದಿಂದ ಲಾರಿಗಳು ಸಾಲಾಗಿ ನಿಂತವು, ಕಂತು ನಿಲ್ಲಲಿಲ್ಲ. ಫೈನಾನ್ಸ್‌ನವರು ಎಳಕೊಂಡು ಹೋದ ಗಾಡಿಗಳು, ಮಾಲೀಕರೇ ಅಗ್ಗಕ್ಕೆ ಬಿಟ್ಟ ಗಾಡಿಗಳು ಎಲ್ಲೆಲ್ಲೂ.

ನಮ್ಮ ಸೋದರಮಾವ 2012ರಲ್ಲಿ ಅಂಥದ್ದೊಂದು ಕೊಂಡರು. ನೋಡೋಕೆ ಫಳಫಳ. ಮೂರು ತಿಂಗಳಿಗೆ ಏರ್ ಫಿಲ್ಟರ್ ಬಿಚ್ಚಿದಾಗ ಒಳಗೆ ಕೆಂಪು ಹಿಟ್ಟು. ಇಂಜಿನ್ ಕೆಲಸಕ್ಕೆ ಆ ವರ್ಷದ ಬಾಳೆ ಹೋಯ್ತು. ಅದನ್ನಾದರೂ ತಡಕೊಂಡರು. ಆರ್‌ಸಿ ಮೇಲೆ ಹಳೇ ಸಾಲ ಹಾಗೇ ಇತ್ತು, ಹೆಸರು ಬದಲಾಗಿರಲಿಲ್ಲ. "ಆಮ್ಯಾಲೆ ಮಾಡ್ಸಿದ್ರಾತು" ಅಂದಿದ್ದ ಮಾರಿದವನ ಫೋನು ಹತ್ತಲಿಲ್ಲ. ಎರಡನೇ ವರ್ಷ ಇಬ್ಬರು ಬಂದು ಕಾಗದ ತೋರಿಸಿ ಗಾಡಿ ತಗೊಂಡು ಹೋದರು. ಅತ್ತೆ ಅವತ್ತು ಅಂಗಳದಲ್ಲಿ ನಿಂತು ನೋಡಿದ್ದನ್ನ ಈಗಲೂ ಹೇಳ್ತಾರೆ. ಬಾಲವೂ ಸಿಗಲಿಲ್ಲ.

ಮಾರುವವರಿಗೂ ಇದರಲ್ಲಿ ಅಪಾಯ ಇದೆ. ಗಾಡಿ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ತಿಳಿಸದೆ ಆ ಗಾಡಿ ಯಾರಿಗಾದರೂ ಗುದ್ದಿದರೆ, ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಅಂತ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಇನ್ನು ಈ ಸಣ್ಣ ಎಸ್‌ಯುವಿ ಹುಟ್ಟಿದ ಕಥೆ. ಇದನ್ನ ಹುಟ್ಟಿಸಿದ್ದು ಇಂಜಿನಿಯರ್ ಅಲ್ಲ, ತೆರಿಗೆ. 2006ರ ಬಜೆಟ್‌ನಲ್ಲಿ ಚಿದಂಬರಂ ಸಣ್ಣ ಕಾರಿನ ಅಬಕಾರಿ ಸುಂಕವನ್ನ ನೂರಕ್ಕೆ 24ರಿಂದ 16ಕ್ಕೆ ಇಳಿಸಿದರು. ಸಣ್ಣದು ಅಂದರೆ ಯಾವುದು? ಉದ್ದ 4 ಮೀಟರ್ ಮೀರಬಾರದು, ಪೆಟ್ರೋಲ್ ಇಂಜಿನ್ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗಿರಬೇಕು. ಅವತ್ತಿನಿಂದ ಕಂಪನಿಗಳು ಟೇಪು ಹಿಡಿದು ಗಾಡಿ ಮಾಡತೊಡಗಿದವು. 2013ರಲ್ಲಿ ಬಂದ ಫೋರ್ಡ್ ಎಕೊಸ್ಪೋರ್ಟ್ ಉದ್ದ 3999 ಮಿಲಿಮೀಟರ್. ನಮ್ಮ ಬೊಲೆರೊನೇ 4107 ಮಿಲಿಮೀಟರ್ ಇತ್ತು, 2016ರಲ್ಲಿ ಮುಂದೆ ಹಿಂದೆ ಕತ್ತರಿಸಿ, ಇಂಜಿನ್ ಸಣ್ಣದು ಮಾಡಿ 3995ಕ್ಕೆ ತಂದರು. ಅದೇ ವರ್ಷ ಬ್ರೆಜಾ, ಮರುವರ್ಷ ನೆಕ್ಸಾನ್, 2019ರಲ್ಲಿ ವೆನ್ಯೂ, 2020ರಲ್ಲಿ ಸೋನೆಟ್ ಬಂದವು. ಹಿಂದೆ ಸಾಮಾನಿಡುವ ಜಾಗ ಯಾಕೆ ಇಷ್ಟು ಇಕ್ಕಟ್ಟು ಅಂತ ಬೈದುಕೊಳ್ಳುವವರು ಆ ಬಜೆಟ್ಟನ್ನ ನೆನೆಸಿಕೊಳ್ಳಬೇಕು.

2025ರ ಸೆಪ್ಟೆಂಬರ್ 22ರಿಂದ ಈ ಅಳತೆಯೊಳಗಿನ ಗಾಡಿಗೆ ಜಿಎಸ್‌ಟಿ ನೂರಕ್ಕೆ 18. ಮುಂಚೆ ಸೆಸ್ ಸೇರಿ ಪೆಟ್ರೋಲಿಗೆ 29, ಡೀಸೆಲ್ಲಿಗೆ 31 ಇತ್ತು. ಅಳತೆ ಮೀರಿದ್ದಕ್ಕೆ 40. ಬ್ರೆಜಾ ಉದ್ದದಲ್ಲಿ ಪಾಸ್, ಆದರೆ ಪೆಟ್ರೋಲ್ ಇಂಜಿನ್ 1462 ಸಿಸಿ, ಹಾಗಾಗಿ 40ರ ಸಾಲಿಗೆ. ಹೊಸದರ ರೇಟು ಇಳಿದಾಗ ಹಳೇದರ ರೇಟೂ ಇಳಿಯಲೇಬೇಕು. ದಲ್ಲಾಳಿ ಇಳಿಸದಿದ್ದರೆ ನೀವು ಇಳಿಸಿ ಕೇಳಿ. ಡೀಲರ್ ಹತ್ತಿರ ಹಳೇ ಗಾಡಿ ಕೊಂಡರೆ ಅವರ ಲಾಭದ ಮೇಲೆ 18 ಜಿಎಸ್‌ಟಿ ಇದೆ, ಮನೆಯವರಿಂದ ಮನೆಯವರು ಕೊಂಡರೆ ಇಲ್ಲ.

ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ಮಾಡೋದು ನಿಲ್ಲಿಸುತ್ತೇವೆ ಅಂದಿತು. ಗಟ್ಟಿ ಗಾಡಿ, ಈಗ ಅಗ್ಗ. ಬಿಡಿಭಾಗ, ಸರ್ವಿಸ್ ಕೊಡುತ್ತೇವೆ ಅಂದಿದ್ದಾರೆ ನಿಜ. ಆದರೂ ಬುಕ್ಕಸಾಗರದಲ್ಲಿ ಕೂತವರು ಮಾರ್ಕೊ ಪೋಲೊ ಹೇಳಿದ ಲಾಳದ ಕಥೆ ಮರೆಯಬಾರದು ಅನ್ನೋದು ನಮ್ಮ ಅಭಿಪ್ರಾಯ.

ಡೀಸೆಲ್ ವಿಷಯಕ್ಕೆ ನಾವು ಸೋದರಮಾವನ ಜೊತೆ ಜಗಳವನ್ನೇ ಆಡಿದೆವು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತೆ. ಗಾಡಿ ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿದರೆ ಆ ಮಸಿ ತಾನೇ ಸುಟ್ಟು ಹೋಗುತ್ತೆ. ದಿನಾ ಹೊಲ, ಕಮಲಾಪುರ, ವಾಪಸ್ ಮನೆ ಅಂತ ಗಿರಕಿ ಹೊಡೆದರೆ ಕಟ್ಟಿಕೊಳ್ಳುತ್ತೆ, ಖರ್ಚು ದೊಡ್ಡದು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸದವರಿಗೆ ಪೆಟ್ರೋಲೇ ಸಾಕು. ಪೆಟ್ರೋಲಿನಲ್ಲಿ ಈಗ ನೂರಕ್ಕೆ 20 ಎಥೆನಾಲ್. ಕಬ್ಬು ಬೆಳೆಯುವ ನಮಗೆ ಅದು ಸಂತೋಷವೇ, ಆದರೆ 2023ರ ಏಪ್ರಿಲ್‌ಗಿಂತ ಮುಂಚಿನ ಹಳೇ ಗಾಡಿ ಕೊಳ್ಳುವವರು ರಬ್ಬರ್ ಪೈಪು, ವಾಷರ್‌ಗಳನ್ನ ಮೆಕ್ಯಾನಿಕ್‌ಗೆ ತೋರಿಸಿ.

ನೀರಿಗೆ ಬಿದ್ದ ಗಾಡಿ ನಮ್ಮ ಕಡೆಯದೇ ಒಂದು ಪಿಡುಗು. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುತ್ತೆ, 2019ರ ಆಗಸ್ಟ್‌ನಲ್ಲಿ ಹಂಪಿಯ ಮಂಟಪಗಳೂ ಮುಳುಗಿದವು. ಹಳೇ ಗಾಡಿ ನೋಡುವಾಗ ಸೀಟಿನ ಕೆಳಗಿನ ಕಂಬಿ, ಬೆಲ್ಟನ್ನ ಪೂರ್ತಿ ಎಳೆದಾಗ ಸಿಗುವ ತುದಿ, ಸ್ಟೆಪ್ನಿ ಇಡುವ ಗುಂಡಿ ಮುಟ್ಟಿ ನೋಡಿ. ಒಣಗಿದ ಮೆಕ್ಕಲು ಮಣ್ಣು ಅಲ್ಲಿ ಕೂತಿರುತ್ತೆ. ಅದಿರಿನ ಕೆಂಪು ಧೂಳು ಬಾಗಿಲ ರಬ್ಬರ್ ಒಳಗೆ, ಏರ್ ಫಿಲ್ಟರ್ ಡಬ್ಬಿಯಲ್ಲಿ. ಗಾಡಿ ನಂಬರು ಸಿಕ್ಕರೆ ಎಂಪರಿವಾಹನ್ ಆ್ಯಪ್‌ನಲ್ಲಿ ವಿಮೆ, ಸಾಲ, ಎಷ್ಟನೇ ಮಾಲೀಕರು ಅನ್ನೋದು ನಿಮ್ಮ ಫೋನಿನಲ್ಲೇ ಕಾಣುತ್ತೆ. 15 ವರ್ಷ ಮುಗಿಯಲು ಬಂದ ಗಾಡಿಯಾದರೆ ಮರುನೋಂದಣಿಗೆ ಐದು ಸಾವಿರ ಮತ್ತು ಫಿಟ್‌ನೆಸ್ ಓಡಾಟ ಲೆಕ್ಕಕ್ಕೆ ಹಿಡಿಯಿರಿ.

ಹೊಸದೇ ತಗೊಳ್ಳಿ ಅಂತ ನಾವು ಹೇಳಲ್ಲ. ಎಂಟು ಲಕ್ಷದಲ್ಲಿ ಹೊಸದು ಬಂದರೆ ಅದು ಏಳು ಜನಕ್ಕೆ ಸಾಲಲ್ಲ, ಮೇಲೆ ಸಾಲ ಮಾಡಿದರೆ ಒಂದು ಬೆಳೆ ಕೈಕೊಟ್ಟಾಗ ಕಂತು ಯಾರು ಕಟ್ಟಬೇಕು? ನಾಲ್ಕೈದು ವರ್ಷ ಓಡಿದ, ಒಬ್ಬರೇ ಮಾಲೀಕರ ಕೈಯಲ್ಲಿದ್ದ ಗಾಡಿ ನಮ್ಮ ಲೆಕ್ಕಕ್ಕೆ ಹೊಂದುತ್ತೆ.

ಹೋದ ಭಾನುವಾರ ಸೋದರಮಾವ ತಾಯಿಯನ್ನ ಕರಕೊಂಡು ಸೇತುವೆ ದಾಟಿ ಗಂಗಾವತಿ ಕಡೆ ಅಂಥದ್ದೊಂದು ಬೊಲೆರೊ ನೋಡಿ ಬಂದರು. ಕೆಎ 37 ನಂಬರು, ಕೆಂಪು ಧೂಳಿಲ್ಲ, ಮಣ್ಣಿಲ್ಲ. ಅಜ್ಜಿ ಒಂದು ಕಾಲು ಮೇಲಿಟ್ಟು ಇಳಿದುಬಿಟ್ಟರು: "ಇಷ್ಟೆತ್ರ ಹತ್ತಾಕ ನನ್ ಕೈಲಾಗಲ್ಲಪ್ಪ." ಮಾಲೀಕರು ಇನ್ನೊಂದು ಕಾಲುಮೆಟ್ಟಿಲು ಬೆಸೆಸಿ ಕೊಡ್ತೀನಿ ಅಂದಿದ್ದಾರೆ. ಆದರೆ ಬ್ಯಾಂಕಿನ ಸಾಲ ತೀರಿದ ಕಾಗದ ಅವರ ಕೈಗೆ ಇನ್ನೂ ಬಂದಿಲ್ಲ. ಅದು ಬರೋವರೆಗೆ ಮುಂಗಡ ಹತ್ತು ರೂಪಾಯಿನೂ ಕೊಡಲ್ಲ ಅಂತ ಹೇಳಿ ಸೋದರಮಾವ ಬಸ್ಸಿನಲ್ಲಿ ವಾಪಸ್ ಬಂದಿದ್ದಾರೆ.