ಮೈಕ್ ಆಫ್ ಮಾಡಲು ಯಾರೂ ಬೇಕಿಲ್ಲ: ವೈರ್‌ಲೆಸ್ ಮೈಕ್ ಕೊಳ್ಳುವ ಮುನ್ನ, ಬಳಸುವ ಮುನ್ನ

2024ರ ಜುಲೈ 27ರಂದು ನೀತಿ ಆಯೋಗದ ಸಭೆಯಿಂದ ಮಮತಾ ಬ್ಯಾನರ್ಜಿ ಎದ್ದು ಹೊರಬಂದರು. ತಮ್ಮ ಮೈಕ್ ಆಫ್ ಮಾಡಲಾಯಿತು ಅನ್ನುವುದು ಅವರ ಆರೋಪ, ಇಲ್ಲ ಅನ್ನುವುದು ಕೇಂದ್ರ ಸರ್ಕಾರದ ಉತ್ತರ. ಸಂಸತ್ತಿನಲ್ಲೂ ವಿರೋಧ ಪಕ್ಷಗಳಿಂದ ಇದೇ ದೂರು ಆಗಾಗ ಬರುತ್ತದೆ. ಮೈಕ್ ಯಾರ ಕೈಯಲ್ಲಿದೆ ಅನ್ನುವುದು ನಮ್ಮಲ್ಲಿ ರಾಜಕೀಯ ಪ್ರಶ್ನೆಯೇ.

ಆದರೆ ನಾವು ನೀವು ಮಾಡುವ ಸಭೆಗಳಲ್ಲಿ ಮೈಕ್ ಆಫ್ ಮಾಡಲು ಯಾವ ಅಧ್ಯಕ್ಷರೂ ಬೇಕಿಲ್ಲ. ಹಾಸನದಿಂದಲೋ ರಾಯಚೂರಿನಿಂದಲೋ ರಾತ್ರಿ ಬಸ್ಸು ಹಿಡಿದು ಬಂದ ಪೌರಕಾರ್ಮಿಕ ಮಹಿಳೆ ವೇದಿಕೆಗೆ ಬಂದು ಎರಡು ಮಾತು ಆಡುವಷ್ಟರಲ್ಲಿ ವೈರ್‌ಲೆಸ್ ಮೈಕ್ ಗೊರಗೊರ ಅಂದು ಸುಮ್ಮನಾಗುತ್ತದೆ. ಸರಿಮಾಡುವ ಹೊತ್ತಿಗೆ ಮುಂದಿನ ಭಾಷಣಕಾರರು ಬಂದಿರುತ್ತಾರೆ. ವಿಡಿಯೋ ಮಾಡಿದವರ ಫೋನಿನಲ್ಲೂ ಆಕೆಯ ಮಾತಿಲ್ಲ. ಅನುಭವಿ ಭಾಷಣಕಾರರು ಮೈಕ್ ಇಲ್ಲದೆಯೂ ಕೂಗಿ ದಾಟಿಸಬಲ್ಲರು. ಮೊದಲ ಸಲ ಮಾತಾಡುವವರಿಗೆ ಅದು ಆಗುವುದಿಲ್ಲ. ಹಾಗಾಗಿ ಈ ಪುಟ್ಟ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದಿರುವುದು ಸಂಘಟಕರ ಜವಾಬ್ದಾರಿಯೇ.

ಇದು ಮೈಕ್ ಅಲ್ಲ, ಪುಟ್ಟ ರೇಡಿಯೋ ಸ್ಟೇಷನ್

ವೈರ್‌ಲೆಸ್ ಮೈಕ್ ಅಂದರೆ ಮೂರು ಸಂಗತಿ: ದನಿ ಹಿಡಿಯುವ ಮೈಕ್, ಅದನ್ನು ರೇಡಿಯೋ ಅಲೆಯಾಗಿ ಕಳಿಸುವ ಟ್ರಾನ್ಸ್‌ಮಿಟರ್, ಅಲೆಯನ್ನು ಹಿಡಿದು ಮತ್ತೆ ದನಿ ಮಾಡುವ ರಿಸೀವರ್. ಅಂಗಡಿಯಲ್ಲಿ ನಾವು ನೋಡುವುದು ಮೊದಲನೆಯದನ್ನು. ಕೈಕೊಡುವುದು ಹೆಚ್ಚಾಗಿ ಕೊನೆಯ ಎರಡು, ಅದರಲ್ಲೂ ರಿಸೀವರ್ ಇಟ್ಟ ಜಾಗ.

ರೂ. 2,000ದ ಕಾಲರ್ ಮೈಕ್‌ನಿಂದ ಹಿಡಿದು ಯೂಟ್ಯೂಬರ್‌ಗಳು ಬಳಸುವ ರೋಡ್, ಡಿಜೆಐ ಕಿಟ್‌ಗಳವರೆಗೆ ಹೆಚ್ಚಿನವು 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಕೆಲಸ ಮಾಡುತ್ತವೆ. ಭಾರತದಲ್ಲಿ 2005ರಿಂದ ಈ ಬ್ಯಾಂಡ್‌ಗೆ, ನಿಗದಿತ ಶಕ್ತಿಯ ಮಿತಿಯೊಳಗೆ, ಲೈಸೆನ್ಸ್ ಬೇಕಿಲ್ಲ. ಅನುಕೂಲವೂ ಅದೇ, ತೊಂದರೆಯೂ ಅದೇ. ವೈಫೈ, ಬ್ಲೂಟೂತ್, ಕೆಲವು ಡ್ರೋನ್‌ಗಳು ಎಲ್ಲ ಇದೇ ಬೀದಿಯಲ್ಲಿ ಓಡಾಡುತ್ತವೆ. ಮನೆಯಲ್ಲಿ ಚೆನ್ನಾಗಿ ಕೇಳಿದ ಮೈಕ್ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಸಾವಿರ ಫೋನ್‌ಗಳ ನಡುವೆ ತಡವರಿಸಿದರೆ ಅದು ಮೈಕ್‌ನ ದೋಷ ಅಲ್ಲ, ಬೀದಿಯ ಟ್ರಾಫಿಕ್.

ಇನ್ನೊಂದು ಸಂಗತಿ ನಮ್ಮ ದೇಹ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ನೀರು ತುಂಬಿದ ಮನುಷ್ಯರ ದೇಹ ಇದನ್ನು ಚೆನ್ನಾಗಿಯೇ ತಡೆಯುತ್ತದೆ. ಟ್ರಾನ್ಸ್‌ಮಿಟರ್ ಹಿಂದಿನ ಜೇಬಿನಲ್ಲಿ, ರಿಸೀವರ್ ಎದುರಿಗೆ ಇದ್ದರೆ ನಡುವೆ ಭಾಷಣಕಾರರೇ ಗೋಡೆ. ಡಬ್ಬಿಯ ಮೇಲೆ ಬರೆದ "200 ಮೀಟರ್ ರೇಂಜ್" ಅಡ್ಡಿಯೇ ಇಲ್ಲದ ಬಯಲಿನ ಲೆಕ್ಕ. ಜನಸಂದಣಿಯಲ್ಲಿ ನಾನು ಅದರ ಹತ್ತನೇ ಒಂದನ್ನಷ್ಟೇ ನಂಬಿ ಪ್ಲಾನ್ ಮಾಡುತ್ತೇನೆ.

ಯಾವುದನ್ನು ಕೊಳ್ಳೋದು?

ಎಲ್ಲಿ ಬಳಸುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಇಬ್ಬರ ಸಂದರ್ಶನ, ರೀಲ್ಸ್, ವರದಿಗಾರಿಕೆಗೆ 2.4 ಗಿಗಾಹರ್ಟ್ಸ್‌ನ ಎರಡು ಕ್ಲಿಪ್ ಇರುವ ಕಿಟ್ ಸಾಕು. ಬಜೆಟ್ ಇದ್ದರೆ ಮೊದಲು ನೋಡಬೇಕಾದದ್ದು ಟ್ರಾನ್ಸ್‌ಮಿಟರ್‌ನಲ್ಲೇ ರೆಕಾರ್ಡ್ ಆಗುವ ಸೌಲಭ್ಯ. ಅಲೆ ಕಡಿದುಹೋದರೂ ಮಾತು ಅದರ ಮೆಮೊರಿಯಲ್ಲಿ ಉಳಿಯುತ್ತದೆ. 32-ಬಿಟ್ ಫ್ಲೋಟ್ ಇದ್ದರೆ, ಪಿಸುಮಾತಿನಿಂದ ದಿಢೀರ್ ಘೋಷಣೆಗೆ ಹಾರಿದ ದನಿಯನ್ನೂ ಎಡಿಟಿಂಗ್‌ನಲ್ಲಿ ತಹಬಂದಿಗೆ ತರಬಹುದು. ಆದರೆ ಮೈಕ್ ದೂರ ಇಟ್ಟ ತಪ್ಪನ್ನು ಅದು ಸರಿಮಾಡುವುದಿಲ್ಲ.

ಬ್ಲೂಟೂತ್ ಇಯರ್‌ಫೋನನ್ನೇ ಮೈಕ್ ಮಾಡಿಕೊಳ್ಳುವುದು ಬೇಡ. ಅದರಲ್ಲಿ ದನಿ ತಡವಾಗಿ ಬಂದು ತುಟಿಚಲನೆಗೆ ಹೊಂದದೆ ಹೋಗಬಹುದು. ಮೀಸಲಾದ ಡಿಜಿಟಲ್ ಮೈಕ್‌ಗಳಲ್ಲಿ ಈ ತಡ ಕೆಲವೇ ಮಿಲಿಸೆಕೆಂಡ್.

ಕನೆಕ್ಟರ್ ನೋಡಿ. 3.5 ಎಂಎಂ ಪಿನ್ನಿನ ಮೇಲೆ ಎರಡು ಕಪ್ಪು ಗೆರೆ ಇದ್ದರೆ ಟಿಆರ್‌ಎಸ್, ಅದು ಕ್ಯಾಮೆರಾಕ್ಕೆ. ಮೂರು ಗೆರೆ ಇದ್ದರೆ ಟಿಆರ್‌ಆರ್‌ಎಸ್, ಅದು ಫೋನಿಗೆ. ಅದಲುಬದಲಾದರೆ ಫೋನ್ ತನ್ನದೇ ಮೈಕ್‌ನಿಂದ ರೆಕಾರ್ಡ್ ಮಾಡುತ್ತಿರುತ್ತದೆ, ಅದು ಗೊತ್ತಾಗುವುದು ಮನೆಗೆ ಬಂದಮೇಲೆ. ಐಫೋನ್ 15ರಿಂದ ಈಚಿನವಕ್ಕೆ ಟೈಪ್-ಸಿ ರಿಸೀವರ್, ಹಳೆಯವಕ್ಕೆ ಲೈಟ್ನಿಂಗ್.

ಸಭೆ, ನಾಟಕ, ನೂರಾರು ಜನರ ಕಾರ್ಯಕ್ರಮಕ್ಕೆ ಯುಎಚ್‌ಎಫ್ ಮೈಕ್ ಮೇಲು. ಅಲೆ ಉದ್ದವಾದ್ದರಿಂದ ದೇಹಗಳನ್ನು ಸ್ವಲ್ಪ ಸುಲಭವಾಗಿ ದಾಟುತ್ತದೆ, ವೈಫೈ ಗಲಾಟೆಯೂ ಇಲ್ಲ. ರಿಸೀವರ್ "ಟ್ರೂ ಡೈವರ್ಸಿಟಿ" ಇರಲಿ. ಗೋಡೆ, ಕಂಬ, ತಗಡಿಗೆ ಬಡಿದು ಬಂದ ಅಲೆಯೂ ನೇರ ಬಂದ ಅಲೆಯೂ ಒಂದನ್ನೊಂದು ಅಳಿಸಿಹಾಕುವ ಜಾಗಗಳಿರುತ್ತವೆ. ಟ್ರೂ ಡೈವರ್ಸಿಟಿಯಲ್ಲಿ ಎರಡು ಆಂಟೆನಾ, ಎರಡು ರಿಸೀವರ್ ಸರ್ಕ್ಯೂಟ್ ಇದ್ದು, ಆ ಕ್ಷಣಕ್ಕೆ ಚೆನ್ನಾಗಿರುವುದನ್ನು ಆರಿಸಿಕೊಳ್ಳುತ್ತದೆ. ಎರಡು ಆಂಟೆನಾ ಕಂಡ ಮಾತ್ರಕ್ಕೆ ಇದು ಇದೆ ಅಂತಲ್ಲ, ಕೇಳಿ ಖಾತ್ರಿ ಮಾಡಿಕೊಳ್ಳಿ.

ಹಳೇ ಸೆಟ್ಟು ಅಗ್ಗಕ್ಕೆ ಸಿಕ್ಕರೆ

ಮೈಕ್‌ನ ಲೇಬಲ್ ಓದಿ. 700ರ ಆಸುಪಾಸಿನ ಮೆಗಾಹರ್ಟ್ಸ್ ಅಂತ ಇದ್ದರೆ ಬಿಟ್ಟುಬಿಡಿ. 2022ರ ಹರಾಜಿನಲ್ಲಿ ಜಿಯೋ 700 ಮೆಗಾಹರ್ಟ್ಸ್ ಬ್ಯಾಂಡನ್ನು ದೇಶದ 22 ವಲಯಗಳಿಗೂ ಕೊಂಡಿದೆ. ಅಲ್ಲಿ ಈಗ 5ಜಿ ಓಡುತ್ತಿದೆ. ಅಮೆರಿಕ 2010ರಲ್ಲೇ 700 ಮೆಗಾಹರ್ಟ್ಸ್ ಬ್ಯಾಂಡ್‌ನಿಂದ, 2020ರಲ್ಲಿ 600ರ ಬಹುಪಾಲಿನಿಂದ ಮೈಕ್‌ಗಳನ್ನು ಹೊರಹಾಕಿತು. ಅಂಥ ಸೆಟ್ಟನ್ನು ಹೊರದೇಶದಿಂದ ಯಾರಾದರೂ ತಂದುಕೊಟ್ಟರೆ ಉಡುಗೊರೆ ಅಂದುಕೊಂಡು ಹಿಗ್ಗಬೇಡಿ.

ಅಲೆಗಳು ಕಣ್ಣಿಗೆ ಕಾಣದ ಸಾರ್ವಜನಿಕ ಜಮೀನು. ಟೆಲಿಕಾಂ ಕಂಪನಿಗಳು ಅದಕ್ಕೆ ಸಾವಿರಾರು ಕೋಟಿ ಕೊಡುತ್ತವೆ. ರಂಗತಂಡ, ಯೂನಿಯನ್, ಸಣ್ಣ ಸೌಂಡ್ ಸಿಸ್ಟಂನವರು ಹರಾಜಿನಲ್ಲಿ ಕೈ ಎತ್ತುವವರಲ್ಲ. ವಿನಾಯಿತಿ ಇಲ್ಲದ ಬ್ಯಾಂಡ್‌ಗೆ ಟೆಲಿಕಾಂ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಅನುಮತಿ ಬೇಕು. ಬಾಡಿಗೆಗೆ ತರುವಾಗ "ಯಾವ ಫ್ರೀಕ್ವೆನ್ಸಿ, ಅನುಮತಿ ಇದೆಯಾ" ಅಂತ ಕೇಳುವುದು ಅಧಿಕಪ್ರಸಂಗ ಅಲ್ಲ.

ಬಳಸುವಾಗ

ರಿಸೀವರನ್ನು ಎತ್ತರದಲ್ಲಿಡಿ, ಭಾಷಣಕಾರರು ಅದಕ್ಕೆ ನೇರ ಕಾಣುವಂತೆ. ಮೇಜಿನ ಕೆಳಗೆ, ಆಂಪ್ಲಿಫೈಯರ್ ಹಿಂದೆ, ಕಬ್ಬಿಣದ ಪೆಟ್ಟಿಗೆಯಲ್ಲಿ ಬೇಡ. ಆಂಟೆನಾಗಳನ್ನು ಇಂಗ್ಲಿಷಿನ ವಿ ಆಕಾರದಲ್ಲಿ ತೆರೆಯಿರಿ. ರಿಸೀವರ್ ದೂರ ಇಟ್ಟು ಅಲೆಯನ್ನು ಓಡಿಸುವುದಕ್ಕಿಂತ ಹತ್ತಿರ ಇಟ್ಟು ಎಕ್ಸ್‌ಎಲ್‌ಆರ್ ಕೇಬಲನ್ನು ಉದ್ದ ಮಾಡುವುದು ಎಷ್ಟೋ ವಾಸಿ.

ಮೊದಲು ಮೈಕ್‌ಗಳನ್ನೆಲ್ಲ ಆಫ್ ಇಟ್ಟು ರಿಸೀವರ್‌ನಲ್ಲಿ ಸ್ಕ್ಯಾನ್ ಮಾಡಿ. ಖಾಲಿ ಚಾನೆಲ್ ಸಿಕ್ಕಮೇಲೆ ಒಂದೊಂದೇ ಆನ್ ಮಾಡಿ. ಹತ್ತಿರದಲ್ಲಿ ಹಾಟ್‌ಸ್ಪಾಟ್ ಬೇಕೇಬೇಕು ಅಂದರೆ 5 ಗಿಗಾಹರ್ಟ್ಸ್‌ಗೆ ಬದಲಿಸಿ.

ಹಲವು ಯುಎಚ್‌ಎಫ್ ಮೈಕ್ ಇದ್ದರೆ ಸಮಾನ ಅಂತರದ ಫ್ರೀಕ್ವೆನ್ಸಿ ಕೊಡಬೇಡಿ. 601 ಮತ್ತು 602 ಮೆಗಾಹರ್ಟ್ಸ್‌ನ ಎರಡು ಮೈಕ್ ಅಕ್ಕಪಕ್ಕ ಇದ್ದರೆ, ಅವುಗಳ ಮಿಶ್ರಣದಿಂದ 600ರಲ್ಲೂ 603ರಲ್ಲೂ ಭೂತದಂಥ ಸಿಗ್ನಲ್ ಹುಟ್ಟುತ್ತದೆ. ಮೂರನೆಯದನ್ನು 603ಕ್ಕೆ ಇಟ್ಟಿರೋ, ಕೆಟ್ಟಿತು. ಈ ಲೆಕ್ಕ ಮಾಡಿಯೇ ಕಂಪನಿಗಳು "ಗ್ರೂಪ್" ಅಂತ ಕೊಟ್ಟಿರುತ್ತವೆ. ಎಲ್ಲ ಮೈಕ್‌ಗೂ ಒಂದೇ ಗ್ರೂಪ್, ಬೇರೆ ಬೇರೆ ಚಾನೆಲ್ ಇಡಿ.

ಕಾಲರ್ ಮೈಕ್ ಗದ್ದದಿಂದ ಒಂದು ಗೇಣು ಕೆಳಗಿರಲಿ. ಸರ, ದುಪಟ್ಟಾ, ಸೀರೆಯ ಸೆರಗು ಉಜ್ಜದಂತೆ ನೋಡಿ. ಸಿಕ್ಕಿಸುವ ಮುನ್ನ ಅವರ ಒಪ್ಪಿಗೆ ಕೇಳಿ, ಸಾಧ್ಯವಾದರೆ ಅವರೇ ಸಿಕ್ಕಿಸಿಕೊಳ್ಳಲಿ. ಬಯಲಿನಲ್ಲಿ ಗಾಳಿಗೆ ತುಪ್ಪಳದ ಟೋಪಿ ಹಾಕಿ. ಜೋರಾಗಿ ಮಾತಾಡಿದಾಗಲೂ ಲೆವೆಲ್ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ನಿಲ್ಲಲಿ.

ಕೈಮೈಕ್‌ನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವುದು ನಮ್ಮ ನಾಯಕರ ಸ್ಟೈಲು. ಹಾಗೆ ಹಿಡಿದರೆ ಮುಂದಿನ ದನಿಯನ್ನಷ್ಟೇ ಆರಿಸುವ ಗುಣ ಹೋಗಿ ಮೈಕ್ ಎಲ್ಲ ದಿಕ್ಕಿನಿಂದಲೂ ಎಳೆದುಕೊಂಡು ಕೀಂಯ್ ಅನ್ನುತ್ತದೆ. ಹಿಡಿಯಲ್ಲಿ ಹಿಡಿಯಿರಿ, ಸ್ಪೀಕರ್‌ಗಳಿಗಿಂತ ಹಿಂದೆ ನಿಲ್ಲಿ. ಬಾಯಿಗೂ ಮೈಕ್‌ಗೂ ಅಂತರ ಎರಡು ಪಟ್ಟಾದರೆ ದನಿಯ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಆದ್ದರಿಂದ ಹತ್ತಿರ ಹಿಡಿಯಲು ಹೇಳಿ. ಮೊದಲ ಸಲ ಮಾತಾಡುವವರಿಗೆ ಸಭೆಗೆ ಮುಂಚೆ ಎರಡು ನಿಮಿಷ ಅಭ್ಯಾಸ ಮಾಡಿಸಿ.

ಎಷ್ಟೇ ಒಳ್ಳೆ ಸೆಟ್ ಇದ್ದರೂ ವೇದಿಕೆಯ ಮೇಲೆ ವೈರ್ ಇರುವ ಒಂದು ಮೈಕ್ ಸಿದ್ಧವಿರಲಿ. ಹೊಸ ಬ್ಯಾಟರಿಯನ್ನು ಕಾರ್ಯಕ್ರಮದ ಮುಂಚೆಯೇ ಹಾಕಿ.

ಯಾರ್ಯಾರು ಕೇಳುತ್ತಿದ್ದಾರೆ?

2010ರ ಏಪ್ರಿಲ್ 28ರಂದು ಬ್ರಿಟನ್ ಪ್ರಧಾನಿ ಗಾರ್ಡನ್ ಬ್ರೌನ್ ರೋಚ್‌ಡೇಲ್‌ನಲ್ಲಿ ಮತದಾರರೊಬ್ಬರ ಜೊತೆ ಮಾತಾಡಿ ಕಾರು ಹತ್ತಿದರು. ಸ್ಕೈ ನ್ಯೂಸ್‌ನ ವೈರ್‌ಲೆಸ್ ಮೈಕ್ ಇನ್ನೂ ಅಂಗಿಯ ಮೇಲೇ ಇತ್ತು. ಕಾರಿನೊಳಗೆ ಆ ಮಹಿಳೆಯ ಬಗ್ಗೆ ಆಡಿದ ಕಟುಮಾತು ದೇಶಕ್ಕೆಲ್ಲ ಕೇಳಿಸಿತು. ಚುನಾವಣೆಗೆ ಎಂಟೇ ದಿನ ಉಳಿದಿತ್ತು.

ಪ್ರಧಾನಿಗಾದರೆ ಅದು ಮುಜುಗರ. ಗುರುತು ಮುಚ್ಚಿಕೊಂಡು ನಿಮ್ಮ ಮುಂದೆ ಮಾತಾಡುವ ನೌಕರನಿಗೆ, ದೌರ್ಜನ್ಯ ಅನುಭವಿಸಿದ ಹೆಣ್ಣುಮಗಳಿಗೆ ಅದು ಜೀವನದ ಪ್ರಶ್ನೆ. ಹಳೆಯ ಅನಲಾಗ್ ಮೈಕ್ ಎಫ್‌ಎಂ ರೇಡಿಯೋದ ಹಾಗೆ. ಸರಿಯಾದ ರಿಸೀವರ್ ಇರುವ ಯಾರೂ ಹೊರಗೆ ನಿಂತು ಕೇಳಬಹುದು. ಡಿಜಿಟಲ್ ಅಂದ ಮಾತ್ರಕ್ಕೆ ಎನ್‌ಕ್ರಿಪ್ಷನ್ ಇದೆ ಅಂತಲೂ ಅಲ್ಲ. ದುಬಾರಿ ವೃತ್ತಿಪರ ಸೆಟ್‌ಗಳಲ್ಲಿ ಎಇಎಸ್-256 ಇರುತ್ತದೆ, ಆನ್ ಮಾಡಿಕೊಳ್ಳಬೇಕು. ಇನ್ನು ಟ್ರಾನ್ಸ್‌ಮಿಟರ್‌ನೊಳಗಿನ ಮೆಮೊರಿ: ಸಂದರ್ಶನ ಮುಗಿದು ಚಹಾ ಕುಡಿಯುವಾಗ ಆಡಿದ ಮಾತೂ, ಬಾಯ್ತಪ್ಪಿ ಬಂದ ಹೆಸರೂ ಅಲ್ಲಿರಬಹುದು. ಆ ಕ್ಲಿಪ್ ಕಳೆದುಹೋಗಬಹುದು, ಬೇರೆಯವರ ಕೈಗೆ ಎರವಲು ಹೋಗಬಹುದು, ಜಪ್ತಿಯೂ ಆಗಬಹುದು. ಫೈಲನ್ನು ಭದ್ರವಾದ ಕಡೆ ನಕಲಿಸಿ, ಅದೇ ದಿನ ಮೆಮೊರಿ ಅಳಿಸಿ.

ಇಂಥ ಮಾತುಕತೆಗೆ ವೈರ್‌ಲೆಸ್ ಬೇಡವೇ ಬೇಡ. ವೈರ್ ಇರುವ ಕಾಲರ್ ಮೈಕ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟ ಫೋನಿಗೋ ರೆಕಾರ್ಡರ್‌ಗೋ ಚುಚ್ಚಿ, ಮಾತು ಮುಗಿದ ಕೂಡಲೇ ಅವರ ಕಣ್ಣೆದುರೇ ತೆಗೆಯಿರಿ.