ನೆಲನೆಲ್ಲಿ, ಕಾಮಾಲೆ ಮತ್ತು ನಮ್ಮಜ್ಜಿ

ಮೊನ್ನೆ ಹಲಸೂರು ಕೆರೆ ಕಡೆ ಹೋಗಿದ್ದಾಗ ಒಂದು ಗೋಡೆಯ ಬುಡದಲ್ಲಿ ನೆಲನೆಲ್ಲಿ ಕಾಣಿಸಿತು. ಗೇಣುದ್ದದ ಗಿಡ, ಎಲೆಸಾಲಿನ ಅಡಿಯಲ್ಲಿ ಸಾಸಿವೆಗಿಂತ ತುಸು ದಪ್ಪನೆಯ ಹಸಿರು ಕಾಯಿ. ತಕ್ಷಣ ಅಜ್ಜಿ ನೆನಪಾದರು.

ನಮ್ಮ ವಠಾರದಲ್ಲಿ ಈ ಗಿಡಕ್ಕೆ ಎರಡು ಹೆಸರಿತ್ತು. ಅಜ್ಜಿಗೆ ನೆಲನೆಲ್ಲಿ, ಪಕ್ಕದ ಮನೆಯ ಪಾಟಿಗೆ ಕೀಳಾನೆಲ್ಲಿ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಕಟ್ಟಿದ ಮೇಲೆ ಮದ್ರಾಸ್ ಸೈನ್ಯದ ಹಿಂದೆಯೇ ಬಂದ ತಮಿಳು ಕುಟುಂಬಗಳು ಹಲಸೂರು, ಬ್ಲ್ಯಾಕ್‌ಪಲ್ಲಿ (ಈಗಿನ ಶಿವಾಜಿನಗರ) ಸುತ್ತಮುತ್ತ ನೆಲೆಸಿದವು. ಭಾಷೆ ಬೇರೆಯಾದರೂ ಮದ್ದು ಒಂದೇ. ಕಾಮಾಲೆ ಬಂದರೆ ಸೂರ್ಯ ಹುಟ್ಟುವ ಮೊದಲು ಗಿಡ ಬೇರುಸಹಿತ ಕಿತ್ತು, ಅರೆದು, ಮಜ್ಜಿಗೆಯಲ್ಲಿ ಕಲಸಿ ಬರಿಹೊಟ್ಟೆಗೆ ಕೊಡುವುದು. ಎಣ್ಣೆ, ಖಾರ ಬಂದ್!

ನನ್ನಣ್ಣನಿಗೆ ಹೀಗೇ ವಾಸಿಯಾಯಿತು. ಆಮೇಲೆ ಚಿಕ್ಕಪ್ಪನ ಕಣ್ಣು ಹಳದಿಯಾಯಿತು. ಎರಡು ತಿಂಗಳು ರಸ ಕುಡಿಸಿದರು. ಕೊನೆಗೆ ಪರೀಕ್ಷೆ ಮಾಡಿಸಿದಾಗ ಅದು ಹೆಪಟೈಟಿಸ್ ಬಿ. ಕೆಲವು ವರ್ಷಗಳಲ್ಲಿ ಲಿವರ್ ಕೆಟ್ಟು ಹೋಗಿಬಿಟ್ಟರು. ಅಜ್ಜಿ ಮತ್ತೆ ಯಾರಿಗೂ ರಸ ಅರೆದುಕೊಡಲಿಲ್ಲ.

ಅಜ್ಜಿಯ ನಂಬಿಕೆ ಪೂರ್ತಿ ಮೂಢವೇ? ಹಾಗೇನೂ ಇಲ್ಲ. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬ್ಲೂಮ್‌ಬರ್ಗ್ ಅವರೇ ಈ ಗಿಡದ ಹಿಂದೆ ಬಿದ್ದಿದ್ದರು. ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರ ಜೊತೆ ಅವರು ನಡೆಸಿದ ಪ್ರಯೋಗ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 30 ದಿನ ನೆಲನೆಲ್ಲಿ ಪುಡಿ ತಿಂದ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಗಿತ್ತು. ಆದರೆ ಆಮೇಲೆ ಬೇರೆ ದೇಶಗಳಲ್ಲಿ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ.

ಹಾಗಾದರೆ ಅಣ್ಣನಿಗೆ ವಾಸಿಯಾದದ್ದು? ಕೊಳಕು ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಸಾಮಾನ್ಯವಾಗಿ ಪಥ್ಯ, ವಿಶ್ರಾಂತಿಯಲ್ಲಿ ತಾನಾಗಿಯೇ ಇಳಿಯುತ್ತದೆ. ಅವನದೂ ಅದೇ ಇರಬೇಕು. ಹೆಸರು ಗಿಡಕ್ಕೆ ಬಂತು. ರಕ್ತದಿಂದ, ತಾಯಿಯಿಂದ ಮಗುವಿಗೆ ಹರಡುವ ಬಿ ಹಾಗಲ್ಲ, ಕೆಲವರಲ್ಲಿ ಜೀವನಪೂರ್ತಿ ಉಳಿದುಬಿಡುತ್ತದೆ. ಎರಡಕ್ಕೂ ಹಳದಿ ಕಣ್ಣೇ ಗುರುತು. ಅಜ್ಜಿಗೆ ವ್ಯತ್ಯಾಸ ತಿಳಿಯುವ ದಾರಿ ಎಲ್ಲಿತ್ತು ಹೇಳಿ?

ನಮಗೆ ಆ ದಾರಿ ಇದೆ. ರಕ್ತ ಪರೀಕ್ಷೆ ಇದೆ, ಹುಟ್ಟಿದ ಮಗುವಿಗೆ ಲಸಿಕೆ ಇದೆ. ಕಣ್ಣು ಹಳದಿಯಾದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಅಜ್ಜಿ ಇದ್ದಿದ್ದರೆ ಅವರೂ ಇದನ್ನೇ ಹೇಳುತ್ತಿದ್ದರು.